ತುರಿಕೆಯ ಇಸುಬು: ಕಾರಣ, ಉಪಶಮನ ಹಾಗೂ ಗ್ರಾಮ ಪಂಚಾಯಿತಿಯ ಹೊಣೆ

ತುರಿಕೆಯಿಂದ ಕೂಡಿದ ಇಸುಬು ಪ್ರಾಣಕ್ಕೆ ಎರವಾಗುವ ರೋಗವಲ್ಲ. ಆ ಕಾರಣದಿಂದಲೇ ಅದರತ್ತ ಯಾರ ಗಮನವೂ ಹರಿಯುವುದಿಲ್ಲ. ಆದರೆ ರಾತ್ರಿಯಿಡೀ ಕೆರೆದುಕೊಳ್ಳುತ್ತ ನಿದ್ದೆಗೆಡುವ ಕೃಷಿಕಾರ್ಮಿಕನು ಮರುದಿನದ ಕೂಲಿಯನ್ನು ಕಳೆದುಕೊಳ್ಳುತ್ತಾನೆ. ಕೈ ಬಿರಿದ ಮಹಿಳೆ ನಾಟಿಗೆ ಇಳಿಯಲಾರಳು. ಮೈಮೇಲೆ ಕಲೆಯಿರುವ ಮಗುವನ್ನು ಇತರ ಮಕ್ಕಳು ದೂರವಿಡುತ್ತಾರೆ. ಹೊಸಪೇಟೆ ಮತ್ತು ಹಂಪಿ ವಿಜಯನಗರ ಜಿಲ್ಲೆಗೂ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಗೂ ಸೇರಿದ್ದರೂ ಈ ಭಾಗದ ಗ್ರಾಮಗಳ ದುಡಿಮೆ, ಹವೆ ಹಾಗೂ ಕಳೆಗಿಡಗಳು ಬಹುಮಟ್ಟಿಗೆ ಒಂದೇ ಬಗೆಯವು. ಇಸುಬಿನ ಕೆಲವು ಮುಖ್ಯ ಕಾರಣಗಳು ಗ್ರಾಮ ಪಂಚಾಯಿತಿಯ ಕಾರ್ಯವ್ಯಾಪ್ತಿಯಲ್ಲಿಯೇ ಇರುವುದರಿಂದ ಸದಸ್ಯರ ತಿಳಿವಳಿಕೆಗಾಗಿ ಈ ಲೇಖನವನ್ನು ನೀಡಲಾಗಿದೆ.

ಇಸುಬು ಎಂದರೇನು?

ಚರ್ಮದ ಹೊರಪದರವು ಇಟ್ಟಿಗೆಯ ಗೋಡೆಯನ್ನು ಹೋಲುತ್ತದೆ. ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಿನ ಜಿಡ್ಡು ಗಾರೆಯಿದ್ದಂತೆ. ಈ ಜಿಡ್ಡು ಕಡಿಮೆಯಾದಾಗ ಒಳಗಿನ ತೇವ ಹೊರಗೆ ಹೋಗುತ್ತದೆ. ಹೊರಗಿನ ಧೂಳು, ಸಾಬೂನು, ಸಸ್ಯಗಳ ರಸ ಒಳಗೆ ಸೇರುತ್ತವೆ. ಆಗ ಚರ್ಮ ಕೆಂಪಾಗಿ, ತುರಿಸಿ, ಕೆಲವೊಮ್ಮೆ ನೀರೊಸರುತ್ತದೆ. ಕೆರೆದಷ್ಟೂ ಗೋಡೆ ಇನ್ನಷ್ಟು ಬಿರಿದು ತುರಿಕೆ ಹೆಚ್ಚುತ್ತದೆ. ಬಹುಕಾಲ ಕೆರೆದ ಜಾಗ ದಪ್ಪಗಾಗಿ, ಕಪ್ಪಾಗಿ, ತೊಗಲಿನಂತೆ ಒರಟಾಗುತ್ತದೆ.

ಇಸುಬು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇಸುಬಿರುವ ಮಗುವನ್ನು ಅಂಗನವಾಡಿಯಿಂದಾಗಲಿ ಶಾಲೆಯಿಂದಾಗಲಿ ಹೊರಗಿಡಲು ಯಾವ ಕಾರಣವೂ ಇಲ್ಲ. ಈ ಒಂದು ಸಂಗತಿಯನ್ನು ಗ್ರಾಮಸಭೆಯಲ್ಲಿ ಸ್ಪಷ್ಟವಾಗಿ ಹೇಳಿದರೂ ಅನೇಕ ಕುಟುಂಬಗಳ ಮನೋವ್ಯಥೆ ತಗ್ಗುತ್ತದೆ.

ತುರಿಕೆಯೆಲ್ಲ ಇಸುಬಲ್ಲ

ಚಿಕಿತ್ಸೆ ಬೇರೆಬೇರೆಯಾದುದರಿಂದ ಈ ವ್ಯತ್ಯಾಸಗಳನ್ನು ಅರಿಯುವುದು ಅಗತ್ಯ.

ಕಜ್ಜಿ: ಇದು ಸೂಕ್ಷ್ಮ ನುಸಿಯಿಂದ ಬರುವ ಸಾಂಕ್ರಾಮಿಕ ರೋಗ. ತುರಿಕೆ ರಾತ್ರಿ ಹೆಚ್ಚು. ಬೆರಳುಗಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆಗಳು ಕಾಣುತ್ತವೆ. ಮನೆಯ ಹಲವರಿಗೆ ಒಟ್ಟಿಗೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದೆ. ತುರಿಕೆಯಿರಲಿ ಇಲ್ಲದಿರಲಿ, ಮನೆಯವರೆಲ್ಲರೂ ಒಂದೇ ದಿನ ಔಷಧ ಹಚ್ಚಿಕೊಂಡರೆ ಮಾತ್ರ ಇದು ವಾಸಿಯಾಗುತ್ತದೆ.

ಹುಳುಕಡ್ಡಿ ಅಥವಾ ಗಜಕರ್ಣ: ಇದು ಶಿಲೀಂಧ್ರದ ಸೋಂಕು. ಅಂಚು ಉಬ್ಬಿದ, ನಡುವೆ ತಿಳಿಯಾದ ಉಂಗುರಾಕಾರದ ಕಲೆ ಇದರ ಗುರುತು.

ಕುಷ್ಠ: ತುರಿಕೆಯಿಲ್ಲದ, ಸ್ಪರ್ಶಜ್ಞಾನವಿಲ್ಲದ, ಮಾಸಲು ಬಣ್ಣದ ಕಲೆಯನ್ನು ಇಸುಬೆಂದು ಬಗೆದು ಸುಮ್ಮನಿರಬಾರದು. ಆಶಾ ಕಾರ್ಯಕರ್ತೆಗೆ ಕೂಡಲೇ ತಿಳಿಸಬೇಕು. ಇದರ ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಈ ಭಾಗದಲ್ಲಿ ಇಸುಬಿಗೆ ಕಾರಣಗಳು

ಕಂಪ್ಲಿ ಮತ್ತು ಹೊಸಪೇಟೆಯ ಕಾಲುವೆ ಪ್ರದೇಶದಲ್ಲಿ ಭತ್ತದ ಕೆಸರಿನಲ್ಲಿ ತಾಸುಗಟ್ಟಲೆ ನಿಲ್ಲುವ ಕೈಕಾಲುಗಳ ಜಿಡ್ಡು ತೊಳೆದುಹೋಗುತ್ತದೆ. ಸಂಡೂರಿನ ಗಣಿ ಪ್ರದೇಶದಲ್ಲಿ ಧೂಳು, ಬೆವರು ಹಾಗೂ ಅದನ್ನು ತೊಳೆಯಲು ಬಳಸುವ ತೀಕ್ಷ್ಣ ಸಾಬೂನು ಚರ್ಮವನ್ನು ಒಣಗಿಸುತ್ತವೆ. ರಸ್ತೆ, ಚರಂಡಿ, ಕಟ್ಟಡ ಕಾಮಗಾರಿಗಳಲ್ಲಿ ಹಸಿ ಸಿಮೆಂಟು ಎರಡು ರೀತಿಯಲ್ಲಿ ಹಾನಿ ಮಾಡುತ್ತದೆ: ಅದರ ಕ್ಷಾರ ಚರ್ಮವನ್ನು ಸುಡುತ್ತದೆ, ಅದರಲ್ಲಿರುವ ಕ್ರೋಮಿಯಂ ಅಂಶ ಕೆಲವರಿಗೆ ಒಗ್ಗದೆ ಅಲರ್ಜಿಯಾಗುತ್ತದೆ. ಒಮ್ಮೆ ಈ ಅಲರ್ಜಿ ಉಂಟಾದರೆ ಅದು ಬಹುಮಟ್ಟಿಗೆ ಬಾಳಿನುದ್ದಕ್ಕೂ ಉಳಿಯುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ವ್ಯಾಪಕವಾಗಿ ಕಣ್ಣಿಗೆ ಬೀಳುವುದು ರಸ್ತೆಯ ಬದಿ, ಕಾಲುವೆಯ ದಂಡೆ, ಬೀಳುಭೂಮಿ, ಶಾಲೆಯ ಆವರಣಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ.

ಕಾಂಗ್ರೆಸ್ ಕಳೆ ಮತ್ತು ಚರ್ಮ

ಅಮೆರಿಕ ಖಂಡದ ಮೂಲದ ಈ ಗಿಡ 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ಮುಂದೆ ದೇಶದ ಉದ್ದಗಲಕ್ಕೂ ಹಬ್ಬಿತು. ಕರ್ನಾಟಕ ಸರ್ಕಾರವು 1975ರಲ್ಲಿಯೇ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಒಂದು ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತವೆ. ಆದುದರಿಂದ ಒಂದು ವರ್ಷ ಕಿತ್ತು ಬಿಟ್ಟರೆ ಕೆಲಸ ಮುಗಿಯುವುದಿಲ್ಲ.

ಗಿಡದ ಎಲೆ, ಕಾಂಡ, ಹೂಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಒಣಗಿದ ಗಿಡ ಪುಡಿಯಾಗಿ ಗಾಳಿಯಲ್ಲಿ ತೇಲಿ, ಬಟ್ಟೆ ಮುಚ್ಚದ ಚರ್ಮದ ಮೇಲೆ ಕೂರುತ್ತದೆ. ಹೀಗಾಗಿ ಗಿಡವನ್ನು ಮುಟ್ಟದವರಿಗೂ ಇಸುಬು ಬರಬಹುದು. ಕಣ್ಣಿನ ರೆಪ್ಪೆ, ಕಿವಿಯ ಹಿಂಭಾಗ, ಕುತ್ತಿಗೆಯ ಮಡಿಕೆ, ಮೊಣಕೈಯ ಒಳಭಾಗಗಳಲ್ಲಿ ತುರಿಕೆ ಕಾಣಿಸಿಕೊಂಡು, ಹೊಲದ ಕೆಲಸದ ದಿನಗಳಲ್ಲಿ ಹೆಚ್ಚಿ, ಬೇರೆ ಊರಿಗೆ ಹೋದಾಗ ತಗ್ಗಿದರೆ ಈ ಕಳೆಯನ್ನು ಶಂಕಿಸಬೇಕು. ಅಲರ್ಜಿ ಒಂದೆರಡು ದಿನಗಳಲ್ಲಿ ಬೆಳೆಯುವಂಥದಲ್ಲ. ವರ್ಷಗಟ್ಟಲೆ ಏನೂ ಆಗದೆ ಕಳೆ ಕಿತ್ತವರಿಗೂ ಒಂದು ದಿನ ಅದು ಒಗ್ಗದಂತಾಗಬಹುದು. ‘ನಮಗೇನೂ ಆಗದು’ ಎಂಬ ಧೈರ್ಯಕ್ಕೆ ಇಲ್ಲಿ ಆಧಾರವಿಲ್ಲ.

ಉಪಶಮನದ ಕ್ರಮ

ಮೊದಲನೆಯದು ಚರ್ಮದ ಜಿಡ್ಡನ್ನು ಮರಳಿಸುವುದು. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಚರ್ಮ ಇನ್ನೂ ತೇವವಿರುವಾಗಲೇ ಬಿಳಿ ವ್ಯಾಸಲೀನನ್ನಾಗಲಿ ಶುದ್ಧ ಕೊಬ್ಬರಿ ಎಣ್ಣೆಯನ್ನಾಗಲಿ ಹಚ್ಚಬೇಕು. ದಿನಕ್ಕೆ ಎರಡು ಬಾರಿ, ತುರಿಕೆ ಇಲ್ಲದ ದಿನವೂ ಹಚ್ಚಬೇಕು. ಬಟ್ಟೆ ಒಗೆಯುವ ಸಾಬೂನಿನಿಂದ ಮೈ ತೊಳೆಯಬಾರದು. ಉಗುರು ಕತ್ತರಿಸಿರಬೇಕು. ತುರಿಕೆ ತಡೆಯಲಾಗದಾಗ ಒದ್ದೆ ತಣ್ಣನೆಯ ಬಟ್ಟೆಯನ್ನು ಇಡಬಹುದು.

ಎರಡನೆಯದು ಸ್ಟೆರಾಯ್ಡ್ ಮುಲಾಮು. ವೈದ್ಯರು ಹೇಳಿದ ಬಲದ್ದನ್ನು, ಹೇಳಿದಷ್ಟು ದಿನ ಬಳಸಿದರೆ ಇದು ಒಳ್ಳೆಯ ಔಷಧ. ದೊಡ್ಡವರ ತೋರುಬೆರಳಿನ ತುದಿಗೆರೆಯಷ್ಟು ಉದ್ದದ ಮುಲಾಮು ಎರಡು ಅಂಗೈಯಗಲದ ಚರ್ಮಕ್ಕೆ ಸಾಕು. ಕೈಗೆ ಕೊಟ್ಟ ಮುಲಾಮನ್ನು ಮುಖಕ್ಕೆ ಹಚ್ಚಬಾರದು.

ತೊಂದರೆ ಇರುವುದು ಅಂಗಡಿಯಿಂದ ತಾವೇ ಕೊಂಡು ತಿಂಗಳುಗಟ್ಟಲೆ ಹಚ್ಚುವುದರಲ್ಲಿ. ಸ್ಟೆರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಎರಡು ದಿನಗಳಲ್ಲಿ ಅಡಗಿಸುತ್ತದೆ. ಅದಕ್ಕಾಗಿಯೇ ಜನ ಅದನ್ನು ನಂಬುತ್ತಾರೆ. ಆದರೆ ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಸೋಂಕು ಒಳಗೊಳಗೇ ಹರಡುತ್ತದೆ. ಬಹುಕಾಲ ಹಚ್ಚಿದ ಚರ್ಮ ತೆಳುವಾಗಿ ಬರೆಗಳು ಮೂಡುತ್ತವೆ. ಕೇಂದ್ರ ಸರ್ಕಾರವು 2018ರಲ್ಲಿ ಇಂತಹ 14 ಸ್ಟೆರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮವನ್ನು ಬಿಗಿಗೊಳಿಸಿದೆ.

ಸೀಮೆಎಣ್ಣೆ, ಬ್ಯಾಟರಿ ನೀರು, ಬೆಳ್ಳುಳ್ಳಿ ರಸ, ಕೇರುಬೀಜದ ಎಣ್ಣೆ ಇವುಗಳನ್ನು ಹಚ್ಚುವ ರೂಢಿಯನ್ನು ಬಿಡಿಸಬೇಕು. ಇವು ಚರ್ಮವನ್ನು ಸುಟ್ಟು ಗುಳ್ಳೆ ಏಳಿಸುತ್ತವೆ.

ಹಳದಿ ಹಕ್ಕಳೆ, ಕೀವು, ಜ್ವರ ಅಥವಾ ಒಮ್ಮೆಲೇ ಗುಂಪುಗುಂಪಾಗಿ ಎದ್ದ ನೋವಿನ ಗುಳ್ಳೆಗಳಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದವರು ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ತೋರಿಸಿ, ಅಲ್ಲಿನ ಇ-ಸಂಜೀವಿನಿ ಸೌಲಭ್ಯದ ಮೂಲಕ ದೂರದ ವೈದ್ಯರ ಸಲಹೆ ಪಡೆಯಬಹುದು. ಯಾವ ವಸ್ತು ಒಗ್ಗದೆಂದು ತಿಳಿಯುವ ತೇಪೆ ಪರೀಕ್ಷೆಯನ್ನು ಚರ್ಮರೋಗ ತಜ್ಞರು ಮಾಡುತ್ತಾರೆ.

ಕಳೆ ಕೀಳುವವರು ರೋಗಿಗಳಾಗಬಾರದು

ಸ್ವಚ್ಛತೆಯ ಹೆಸರಿನಲ್ಲಿ ಬರಿಗೈಯಿಂದ ಹೂ ಬಿಟ್ಟ ಕಾಂಗ್ರೆಸ್ ಕಳೆಯನ್ನು ಕೀಳಿಸಿದರೆ, ಊರು ಸ್ವಚ್ಛವಾಗುವ ಬೆಲೆಯನ್ನು ಕೂಲಿಕಾರರ ಚರ್ಮ ತೆರುತ್ತದೆ. ಕೆಲಸದ ಕ್ರಮ ಹೀಗಿರಬೇಕು.

1. ಮುಂಗಾರಿನ ಮೊದಲ ಮಳೆಗಳ ನಂತರ, ಗಿಡ ಹೂ ಬಿಡುವ ಮುನ್ನ, ಮಣ್ಣು ಹಸಿಯಿರುವಾಗ ಬೇರುಸಹಿತ ಕೀಳಿಸಬೇಕು. ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ನಡೆಯುವ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ಎರಡನೆಯ ಸುತ್ತಿಗೆ ಬಳಸಿಕೊಳ್ಳಬಹುದು.

2. ಕೈಗವಸು, ಉದ್ದ ತೋಳಿನ ಅಂಗಿ, ಮುಖವಸ್ತ್ರಗಳನ್ನು ಒದಗಿಸದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬಾರದು. ಶಾಲಾ ಮಕ್ಕಳಿಂದ ಕಳೆ ಕೀಳಿಸಬಾರದು. ಈಗಾಗಲೇ ಇಸುಬು ಅಥವಾ ಉಬ್ಬಸ ಇರುವವರಿಗೆ, ಕೂಲಿ ತಪ್ಪದಂತೆ, ಬೇರೆ ಕೆಲಸ ನೀಡಬೇಕು.

3. ಕಿತ್ತ ಗಿಡವನ್ನು ದಂಡೆಯ ಮೇಲೆ ಒಣಗಲು ಬಿಡಬಾರದು, ಸುಡಲೂಬಾರದು. ಹೂ ಬಿಡದ ಗಿಡವನ್ನು ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಬಹುದು.

4. 1983ರಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತಂದು 1984ರಿಂದ ಬಿಡಲಾದ ಮೆಕ್ಸಿಕನ್ ದುಂಬಿ ಈ ಕಳೆಯ ಎಲೆಯನ್ನು ಮಳೆಗಾಲದಲ್ಲಿ ತಿಂದು ಬೋಳಿಸುತ್ತದೆ. ದುಂಬಿಗಳಿರುವ ಜಾಗದಲ್ಲಿ ಕಳೆನಾಶಕ ಸಿಂಪಡಿಸದೆ, ಅವನ್ನು ಹಿಡಿದು ಇಲ್ಲದ ಕಡೆ ಬಿಡುವುದು ಖರ್ಚಿಲ್ಲದ ಉಪಾಯ.

5. ಹಂಪಿಯ ಸುತ್ತಲಿನ ಸಂರಕ್ಷಿತ ಪ್ರದೇಶದಲ್ಲಿ ಪುರಾತತ್ತ್ವ ಇಲಾಖೆ ಹಾಗೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಗಮನಕ್ಕೆ ತಂದ ನಂತರವೇ ಕೆಲಸ ಕೈಗೊಳ್ಳಬೇಕು.

6. ಸಿಮೆಂಟು ಕಾಮಗಾರಿಗಳಲ್ಲಿ ರಬ್ಬರ್ ಕೈಗವಸು, ಬೂಟು ಹಾಗೂ ಕೈಕಾಲು ತೊಳೆಯಲು ಶುದ್ಧ ನೀರು ಸ್ಥಳದಲ್ಲಿಯೇ ಇರುವುದನ್ನು ಸದಸ್ಯರು ಖಚಿತಪಡಿಸಿಕೊಳ್ಳಬೇಕು.

7. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ತುರಿಕೆಯ ವಿಷಯವನ್ನು ಚರ್ಚಿಸಿ, ಆಶಾ ಕಾರ್ಯಕರ್ತೆಯರ ಮೂಲಕ ದೀರ್ಘಕಾಲದಿಂದ ನರಳುತ್ತಿರುವವರನ್ನು ಗುರುತಿಸಿ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.

ಇಸುಬನ್ನು ಬೇರುಸಹಿತ ಕಿತ್ತೊಗೆಯುವ ಮದ್ದು ಇಲ್ಲವೆಂಬುದನ್ನು ಜನರಿಗೆ ಪ್ರಾಮಾಣಿಕವಾಗಿ ತಿಳಿಸಬೇಕು. ಆದರೆ ಕಾರಣವನ್ನು ದೂರವಿಟ್ಟು, ಚರ್ಮದ ಜಿಡ್ಡು ಕಾಪಾಡಿಕೊಂಡು, ಔಷಧವನ್ನು ಹಿತಮಿತವಾಗಿ ಬಳಸಿದವರು ನೆಮ್ಮದಿಯಾಗಿ ನಿದ್ದೆ ಮಾಡಿ ಮರುದಿನ ದುಡಿಮೆಗೆ ಹೋಗಬಲ್ಲರು. ಎಣ್ಣೆ ಹಚ್ಚುವುದು ರೋಗಿಯ ಕೈಯಲ್ಲಿದೆ, ಮುಲಾಮು ಬರೆಯುವುದು ವೈದ್ಯರ ಕೈಯಲ್ಲಿದೆ; ದಾರಿಯ ಬದಿಯ ಕಳೆಯನ್ನು ಹೂ ಬಿಡುವ ಮುನ್ನ ತೆಗೆಸುವುದು ಮಾತ್ರ ಗ್ರಾಮ ಪಂಚಾಯಿತಿಯ ಕೈಯಲ್ಲಿದೆ. ಮುಂಗಾರಿಗೆ ಮೊದಲಿನ ಸಾಮಾನ್ಯ ಸಭೆಯಲ್ಲಿಯೇ ಈ ಬಗ್ಗೆ ನಿರ್ಣಯ ಕೈಗೊಂಡು, ವಾರ್ಡುವಾರು ಜಾಗಗಳನ್ನು ಪಟ್ಟಿ ಮಾಡಿಕೊಳ್ಳುವುದು ಸೂಕ್ತ.