ಸೆರೆಮನೆಯ ಬಾಗಿಲಿನಾಚೆ

ಸೆರೆಮನೆಯ ಗೋಡೆ ಮನುಷ್ಯನನ್ನು ತಡೆದೀತು, ರೋಗವನ್ನು ತಡೆಯಲಾರದು. ಇಂಗ್ಲೆಂಡು ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿಯಿತು. 1750ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಸ್ಥಾನಕ್ಕೆ ವಿಚಾರಣೆಗೆಂದು ಕರೆತಂದ ಬಂದಿಗಳ ಜೊತೆಯಲ್ಲಿ ಸೆರೆಮನೆಯ ಜ್ವರವೂ ಬಂದಿತು. ಹೇನಿನಿಂದ ಹರಡುವ ಟೈಫಸ್ ಎಂಬ ಆ ಜ್ವರಕ್ಕೆ ನಗರದ ಮೇಯರನೂ ನ್ಯಾಯಾಧೀಶರೂ ತುತ್ತಾದರು. ಶಿಕ್ಷೆ ವಿಧಿಸಲು ಕುಳಿತವರಿಗೇ ಮರಣದಂಡನೆಯಾಯಿತು.

ಮುಂದೆ 1773ರಲ್ಲಿ ಬೆಡ್‌ಫರ್ಡ್ ಪ್ರಾಂತದ ಷೆರೀಫನಾದ ಜಾನ್ ಹವರ್ಡನು ಸೆರೆಮನೆಗಳನ್ನು ಸ್ವತಃ ಹೊಕ್ಕು ನೋಡಿ, ಕಂಡದ್ದನ್ನು ಪಾರ್ಲಿಮೆಂಟಿಗೆ ತಿಳಿಸಿದನು. ಗೋಡೆಗಳಿಗೆ ವರ್ಷಕ್ಕೊಮ್ಮೆಯಾದರೂ ಸುಣ್ಣ ಬಳಿಯಬೇಕು, ರೋಗಿಗಳಿಗೆ ಪ್ರತ್ಯೇಕ ಕೊಠಡಿ ಇರಬೇಕು, ವೈದ್ಯನನ್ನು ನೇಮಿಸಬೇಕು ಎಂದು 1774ರ ಕಾಯಿದೆ ವಿಧಿಸಿತು.

ಇದು ಗೋಡೆಯೊಳಗಿನ ಮಾತಾಯಿತು. ಬಾಗಿಲು ತೆರೆದು ಹೊರಬಂದವನ ಗತಿಯೇನು? ಈ ಪ್ರಶ್ನೆಗೆ ಅಮೆರಿಕಾದಿಂದ ದೊರೆತ ಉತ್ತರ ನಮ್ಮನ್ನು ಬೆಚ್ಚಿಬೀಳಿಸುವಂಥದು. ಬಂದಿಯ ಗಂಭೀರವಾದ ಕಾಯಿಲೆಯನ್ನು ತಿಳಿದೂ ಉಪೇಕ್ಷಿಸುವುದು ಕ್ರೂರ ಶಿಕ್ಷೆಯೆಂದು ಅಲ್ಲಿನ ಸುಪ್ರೀಂ ಕೋರ್ಟು 1976ರಲ್ಲಿ ತೀರ್ಪಿತ್ತಿತು. ಬಿಡುಗಡೆಯಾದವನಿಗೆ ಆ ರಕ್ಷಣೆಯಿಲ್ಲ. ವಾಷಿಂಗ್ಟನ್ ಸಂಸ್ಥಾನದ ಸೆರೆಮನೆಗಳಿಂದ ಬಿಡುಗಡೆ ಹೊಂದಿದ 30,237 ಮಂದಿಯ ವಿಚಾರವಾಗಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದುಂಟು. ಹೊರಬಂದ ಮೊದಲ ಎರಡು ವಾರಗಳಲ್ಲಿ ಇವರಿಗೆ ಸಾವಿನ ಅಪಾಯವು ಆ ಸಂಸ್ಥಾನದ ಇತರ ನಿವಾಸಿಗಳಿಗಿಂತ 12.7 ಪಾಲು ಹೆಚ್ಚಾಗಿತ್ತು. ಮಾದಕವಸ್ತುವಿನ ಅತಿಸೇವನೆಯೇ ಮೊದಲನೆಯ ಕಾರಣ. ಹೃದ್ರೋಗ, ಕೊಲೆ, ಆತ್ಮಹತ್ಯೆಗಳೂ ಮುಖ್ಯ ಕಾರಣಗಳಾಗಿದ್ದುವು.

ಇದು ಹೇಗೆ? ಅಫೀಮಿನ ವರ್ಗದ ಮಾದಕಗಳಿಗೆ ದೇಹವು ಮೆಲ್ಲಮೆಲ್ಲನೆ ಒಗ್ಗಿಕೊಳ್ಳುತ್ತದೆ. ಸೆರೆಯಲ್ಲಿ ಅವು ದೊರೆಯದೆ ಹೋದಾಗ ಆ ತಾಳಿಕೆ ಕುಂದುತ್ತದೆ. ಹಂಬಲ ಮಾತ್ರ ಉಳಿದಿರುತ್ತದೆ. ಹೊರಬಂದವನು ಹಿಂದಿನ ಪ್ರಮಾಣವನ್ನೇ ಸೇವಿಸಿದರೆ ಉಸಿರು ನಿಂತೇಹೋಗಬಹುದು. ಸಕ್ಕರೆ ಕಾಯಿಲೆಯವನ, ಮನೋರೋಗಿಯ ಕಷ್ಟ ಬೇರೊಂದು ಬಗೆಯದು. ಕೈಯಲ್ಲಿರುವ ಔಷಧ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ವಾಸಕ್ಕೆ ಮನೆಯಿಲ್ಲ, ವೈದ್ಯನ ಪರಿಚಯವಿಲ್ಲ. ಬಡವರ ವೈದ್ಯವೆಚ್ಚವನ್ನು ಭರಿಸಲು 1965ರಲ್ಲಿ ಏರ್ಪಟ್ಟ ಮೆಡಿಕೇಡ್ ಯೋಜನೆಯೂ ಸೆರೆಮನೆಯೊಳಗಿನ ಚಿಕಿತ್ಸೆಯನ್ನು ಹೊರಗಿಟ್ಟಿತ್ತು. ಹೀಗಾಗಿ ಅನೇಕರು ಹೊರಬಂದ ಮೇಲೆ ಪುನಃ ಅರ್ಜಿ ಹಾಕಿ ಕಾಯಬೇಕಾಗುತ್ತಿತ್ತು. ರೋಗವು ಅರ್ಜಿಯ ಉತ್ತರಕ್ಕಾಗಿ ಕಾಯುವುದೆ?

ಪರಿಹಾರವಿಲ್ಲವೆಂದಲ್ಲ. ರೋಡ್ ಐಲೆಂಡ್ ಸಂಸ್ಥಾನವು 2016ರಲ್ಲಿ ಮಾದಕವ್ಯಸನಕ್ಕೆ ಮೆಥಡೋನ್ ಮೊದಲಾದ ಔಷಧಗಳನ್ನು ಸೆರೆಮನೆಯಲ್ಲಿಯೇ ಕೊಟ್ಟು, ಬಿಡುಗಡೆಯಾದವರನ್ನು ಊರಿನ ಚಿಕಿತ್ಸಾಲಯಗಳಿಗೆ ಒಪ್ಪಿಸುವ ಏರ್ಪಾಡು ಮಾಡಿತು. ಸೆರೆಯಿಂದ ಬಂದು ವರ್ಷ ತುಂಬದವರಲ್ಲಿ ಅತಿಸೇವನೆಯಿಂದ ಸತ್ತವರು 2016ರ ಮೊದಲ ಆರು ತಿಂಗಳಲ್ಲಿ 26 ಮಂದಿ. 2017ರ ಅದೇ ಅವಧಿಯಲ್ಲಿ 9 ಮಂದಿ. ಕ್ಯಾಲಿಫೋರ್ನಿಯಾ ಸಂಸ್ಥಾನಕ್ಕೆ 2023ರಲ್ಲಿ, ಬಿಡುಗಡೆಗೆ 90 ದಿನ ಮುಂಚಿನಿಂದಲೇ ಮೆಡಿಕೇಡಿನ ಕೆಲವು ಸೇವೆಗಳನ್ನು ಒದಗಿಸಲು ಅನುಮತಿ ದೊರೆಯಿತು. ಚಿಕಿತ್ಸೆಯ ಎಳೆ ಸೆರೆಮನೆಯ ಬಾಗಿಲಿನಲ್ಲಿ ಕಡಿಯಬಾರದೆಂಬುದೇ ಇವೆರಡರ ತಿರುಳು.

ನ್ಯಾಯಾಧೀಶನು ವಿಧಿಸುವುದು ಇಷ್ಟು ವರ್ಷಗಳ ಸೆರೆಯನ್ನು. ಅದು ಮುಗಿದ ಎರಡು ವಾರಕ್ಕೆ ಬರುವ ಸಾವನ್ನಲ್ಲ. ಬಿಡುಗಡೆಯಾದವನು ಬರುವುದು ನಮ್ಮ ನಿಮ್ಮ ಬೀದಿಗೇ. ಅವನು ಬದುಕುವಂತೆ ನೋಡಿಕೊಳ್ಳುವುದು ಔದಾರ್ಯವಲ್ಲ, ನ್ಯಾಯದ ಕೊನೆಯ ಕೆಲಸ.