ಡಿಸ್ಪೆನ್ಸರಿಯಲ್ಲಿ ದುಡಿದ ಹಿರಿಯರ ಜಾಡು

ತಾಲ್ಲೂಕು ಡಿಸ್ಪೆನ್ಸರಿಯಲ್ಲಿ ಕೆಲಸ ಮಾಡಿದ ಅಜ್ಜ, ಮುತ್ತಜ್ಜಿಯರ ಕಾಗದಪತ್ರ ಹುಡುಕುವವರು ಮೊದಲು ತಿಳಿಯಬೇಕಾದ್ದು ಒಂದೇ: ಅವರಿಗೆ ಸಂಬಳ ಕೊಡುತ್ತಿದ್ದವರು ಯಾರು? ದಾಖಲೆ ಉಳಿದಿದ್ದರೆ ಸಂಬಳ ಬಂದ ದಾರಿಯಲ್ಲೇ ಉಳಿದಿರುತ್ತದೆ.

1956ರ ನವೆಂಬರ್ 1ಕ್ಕೆ ಮೊದಲು ಕನ್ನಡದ ಊರುಗಳು ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು. ಹಳೆ ಮೈಸೂರಿನ ಕಡತಗಳು ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲೂ ಅದರ ಮೈಸೂರು ವಿಭಾಗೀಯ ಕಚೇರಿಯಲ್ಲೂ ಇವೆ. ಧಾರವಾಡ, ಬೆಳಗಾವಿ, ವಿಜಯಪುರದ ದವಾಖಾನೆಗಳ ವಿಚಾರಕ್ಕೆ ಮುಂಬಯಿಯ ಪತ್ರಾಗಾರ, ದಕ್ಷಿಣ ಕನ್ನಡಕ್ಕೂ 1953ರವರೆಗಿನ ಬಳ್ಳಾರಿಗೂ ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರ, ರಾಯಚೂರು ಕಲಬುರಗಿಗೆ ಹೈದರಾಬಾದಿನ ಪತ್ರಾಗಾರ ನೋಡಬೇಕು.

ಡಿಸ್ಪೆನ್ಸರಿಯ ಹೊಣೆ ಹೊತ್ತಿದ್ದ ಹಾಸ್ಪಿಟಲ್ ಅಸಿಸ್ಟೆಂಟರ ಜಾಡು ಹಿಡಿಯುವುದು ಅಷ್ಟು ಕಷ್ಟವಲ್ಲ. ಈ ಹುದ್ದೆಗೆ ಮುಂದೆ ಸಬ್ ಅಸಿಸ್ಟೆಂಟ್ ಸರ್ಜನ್ ಎಂಬ ಹೆಸರು ಬಂತು. ಹುಡುಕುವಾಗ ಎರಡನ್ನೂ ನೋಡಬೇಕು. ಅವರ ನೇಮಕ, ವರ್ಗ, ರಜೆಗಳ ಸುದ್ದಿ ಸರ್ಕಾರಿ ಗೆಜೆಟ್ಟಿನಲ್ಲಿ ಅಚ್ಚಾಗುತ್ತಿತ್ತು. ವರ್ಗಾವಣೆಗಳನ್ನು ವರ್ಷದ ಕ್ರಮದಲ್ಲಿ ಬರೆದುಕೊಂಡರೆ ಮನೆಯ ಮಕ್ಕಳು ಬೇರೆಬೇರೆ ಊರುಗಳಲ್ಲಿ ಹುಟ್ಟಿದ್ದೇಕೆ ಎಂಬುದೂ ತಿಳಿದೀತು.

ಕಾಂಪೌಂಡರ್, ಡ್ರೆಸರ್, ಸೂಲಗಿತ್ತಿ, ತೋಟಿ ಇವರ ಹೆಸರು ಗೆಜೆಟ್ಟಿನಲ್ಲಿ ಸಿಗುವುದು ಅಪರೂಪ. ಊರಿನ ರೋಗಿಗಳು ದಿನವೂ ಕಂಡ ಮುಖಗಳು ಇವೇ; ಕಾಗದದಲ್ಲಿ ಮಾತ್ರ ಇವರಿಗೆ ಸಿಕ್ಕ ಜಾಗ ಬಹಳ ಕಡಿಮೆ. ಅನೇಕ ಡಿಸ್ಪೆನ್ಸರಿಗಳನ್ನು ಜಿಲ್ಲಾ ಬೋರ್ಡು, ಪುರಸಭೆಗಳು ಲೋಕಲ್ ಫಂಡಿನಿಂದ ನಡೆಸುತ್ತಿದ್ದವು. ಹಾಗಾಗಿ ಪುರಸಭೆಯ ನಡಾವಳಿ ಪುಸ್ತಕ, ಸಂಬಳದ ಬಿಲ್ಲು, ಪಿಂಚಣಿ ಕಡತಗಳನ್ನು ತಾಳ್ಮೆಯಿಂದ ತಿರುವಿಹಾಕಬೇಕು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಸರ್ವಿಸ್ ರಿಜಿಸ್ಟರ್: ತಂದೆಯ ಹೆಸರು, ಹುಟ್ಟಿದ ತಾರೀಖು, ಎತ್ತರ, ಮೈಮೇಲಿನ ಗುರುತು, ಹೆಬ್ಬೆಟ್ಟಿನ ಒತ್ತು ಎಲ್ಲ ಅದರಲ್ಲಿರುತ್ತವೆ. ಫೋಟೋ ಇಲ್ಲದ ಮುತ್ತಜ್ಜಿಯ ಚಹರೆ ಮೊಮ್ಮಕ್ಕಳಿಗೆ ಸಿಗುವುದು ಕೆಲವೊಮ್ಮೆ ಅಲ್ಲಿ ಮಾತ್ರ.

ಹೆಸರಿನ ಬಗ್ಗೆ ಎಚ್ಚರ ಬೇಕು. ಇಂಗ್ಲಿಷ್ ಗುಮಾಸ್ತಿಕೆಯಲ್ಲಿ ಒಬ್ಬರದೇ ಹೆಸರನ್ನು ಮೂರು ರೀತಿಯಲ್ಲಿ ಬರೆದಿರಬಹುದು, ಇನಿಷಿಯಲ್ ಬಿಟ್ಟುಹೋಗಿರಬಹುದು. ಊರು, ಹುದ್ದೆ, ವರ್ಷ ಮೂರೂ ಹೊಂದಿದರಷ್ಟೇ ನಮ್ಮವರೆಂದು ಒಪ್ಪಬೇಕು. ಹುದ್ದೆಯ ವಿಷಯದಲ್ಲೂ ಎಚ್ಚರ ಬೇಕು: ದಾಕು (ಲಸಿಕೆ) ಹಾಕುತ್ತಿದ್ದವರನ್ನು ಜನ ಆಸ್ಪತ್ರೆಯವರೆಂದೇ ಕರೆದರೂ ಅವರ ಪಟ್ಟಿ ಬೇರೆ ಕಡೆ ಇರಬಹುದು.

ಮಿಷನ್ ಆಸ್ಪತ್ರೆಗಳಲ್ಲಿ ದುಡಿದವರಿಗೆ ಸಂಬಳ ಕೊಟ್ಟದ್ದು ಮಿಷನ್. ಬಾಸೆಲ್ ಮಿಷನ್ನಿನ ದಾಖಲೆಗಳು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಇವೆ. 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದ ವೆಸ್ಲಿಯನ್ ಮಿಷನ್ನಿನ ಕಾಗದಗಳು ಲಂಡನ್ನಿನಲ್ಲಿವೆ. ಬಾಸೆಲ್‌ನ ಹಳೆಯ ಫೋಟೋಗಳನ್ನಂತೂ ಈಗ ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡಬಹುದು.