ವಿಜಯನಗರದ ಕೋಟೆಯ ಕಲ್ಲುಸಾಕ್ಷಿ

ಟಿ.ಬಿ. ಡ್ಯಾಂ ನೋಡಬಂದವರು ಹಂಪೆಯ ಗುಡಿಗಳನ್ನು ಕಂಡು ಮರಳುವುದೇ ವಾಡಿಕೆ. ಕೋಟೆಯತ್ತ ಕಣ್ಣು ಹಾಯಿಸುವವರು ವಿರಳ. 1443ರಲ್ಲಿ ಹೆರಾತಿನ ಅರಸ ಷಾರುಖನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನು ಒಂದರೊಳಗೊಂದಾಗಿ ಏಳು ಕೋಟೆಗಳನ್ನೂ, ಗೋಡೆಗಳ ನಡುವಣ ಹೊಲ-ತೋಟಗಳನ್ನೂ, ಕುದುರೆ ನುಗ್ಗದಂತೆ ಹೊರಗೆ ನೆಟ್ಟ ಆಳೆತ್ತರದ ಕಲ್ಲುಗಳನ್ನೂ ವರ್ಣಿಸಿದ್ದಾನೆ. ಇದು ಉತ್ಪ್ರೇಕ್ಷೆಯೇ? ಏಳರ ಎಣಿಕೆಯಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಅಂಥ ಕಲ್ಲುಸಾಲುಗಳು ಇಂದಿಗೂ ಅಲ್ಲಲ್ಲಿ ನಿಂತಿವೆ.

ಇಷ್ಟು ಭದ್ರವಾದ ಕೋಟೆ ಮುತ್ತಿಗೆಯಿಂದ ಬೀಳಲಿಲ್ಲ. 1565ರಲ್ಲಿ ದೂರದ ಕೃಷ್ಣಾತೀರದ ರಣರಂಗದಲ್ಲಿ ರಾಮರಾಯನು ಮಡಿದನು. ಅವನ ತಮ್ಮ ತಿರುಮಲನು ರಾಜಧಾನಿಯನ್ನು ತೊರೆದು ಪೆನುಕೊಂಡೆಗೆ ತೆರಳಿದನು. ಕಾಯುವವರೇ ಇಲ್ಲದ ಮೇಲೆ ಗೋಡೆ ಎಷ್ಟು ಸುತ್ತಿನದಾದರೇನು? ನಗರ ಪಾಳುಬಿದ್ದಿತು. ಆ ಅರಸರ ಕಾಲದ ತುರ್ತಾ ಕಾಲುವೆ ಮಾತ್ರ ಕೋಟೆಯೊಳಗಿನ ಗದ್ದೆಗಳಿಗೆ ಇಂದೂ ನೀರುಣಿಸುತ್ತಿದೆ.